ಬಾಯ್ಲರ್ ಪರೀಕ್ಷೆಗೆ ಇಬ್ಬರು ಬೇಕು

ನಮ್ಮ ಮನೆಯ ಹಿಂದೆ ಒಂದು ಉಗಿ ಬಾಯ್ಲರ್ ಇದೆ. ಬಾಯ್ಲರ್ ಎಂದ ಕೂಡಲೇ ಜನ ಬಚ್ಚಲಮನೆಯ ನೀರು ಕಾಯಿಸುವ ಡಬ್ಬ ಅಂದುಕೊಳ್ಳುತ್ತಾರೆ. ಅದಲ್ಲ. ನನ್ನ ಎದೆಯ ಮಟ್ಟಕ್ಕೆ ಬರುವ ಕಬ್ಬಿಣದ ಡ್ರಮ್ಮು, ಕೆಳಗೆ ಗ್ಯಾಸಿನ ಬೆಂಕಿ, ಮೇಲಿನಿಂದ ಹೊರಟ ಪೈಪು ನೇರವಾಗಿ ಇಡ್ಲಿ ಪೆಟ್ಟಿಗೆಗೆ ಹೋಗುತ್ತದೆ. ಹಲಸೂರಿನ ಈ ಗಲ್ಲಿಯಿಂದ ಇಂದಿರಾನಗರದ ಕೆಲವು ಹಾಸ್ಟೆಲ್ಲುಗಳಿಗೆ ಬೆಳಗಿನ ಇಡ್ಲಿ ಹೋಗುವುದು ಇದೇ ಬಾಯ್ಲರಿನ ಉಗಿಯಲ್ಲಿ ಬೆಂದು. ಚಿತ್ರದುರ್ಗದ ಕಡೆಯಿಂದ ಮದುವೆಯಾಗಿ ಬಂದ ನಾನು ಮೊದಲು ಇದನ್ನು ನೋಡಿ ಹೆದರಿದ್ದೆ. ಈಗ ಮನೆಯಲ್ಲಿ ನಾನು ಮತ್ತು ಅದು, ಇಬ್ಬರೇ.

ಈ ಬಾಯ್ಲರಿನ ಹೊಟ್ಟೆಯಲ್ಲಿ ನೀರಿರುವ ತನಕ ಭಯವಿಲ್ಲ. ನೀರು ಕಡಿಮೆಯಾಗಿ ಬೆಂಕಿ ಮಾತ್ರ ಉರಿಯುತ್ತಿದ್ದರೆ ಕಬ್ಬಿಣ ಕೆಂಪಗೆ ಕಾಯುತ್ತದೆ, ಆಮೇಲೆ ಏನು ಬೇಕಾದರೂ ಆಗಬಹುದು. ಅದನ್ನು ತಡೆಯುವುದಕ್ಕೆ ಪಕ್ಕದಲ್ಲಿ ಒಂದು ಚಿಕ್ಕ ಕೊಠಡಿ, ಅದರೊಳಗೆ ತಾಮ್ರದ ತೇಲುಗುಂಡು. ನೀರು ಇಳಿದರೆ ಗುಂಡು ಇಳಿಯುತ್ತದೆ, ಗುಂಡಿಗೆ ಜೋಡಿಸಿದ ಕಡ್ಡಿಯೊಂದು ಹೊರಗೆ ಚಾಚಿಕೊಂಡಿದೆ, ಅದೂ ಇಳಿಯುತ್ತದೆ, ಇಳಿದದ್ದೇ ಗ್ಯಾಸು ಬಂದ್. ಇಷ್ಟೇ ವಿದ್ಯೆ. ಆದರೆ ನಮ್ಮ ಗಲ್ಲಿಯಲ್ಲಿ ಬೋರ್‌ವೆಲ್ ನೀರು, ಟ್ಯಾಂಕರ್ ನೀರು, ಎರಡರಲ್ಲೂ ಸುಣ್ಣ. ವಾರಕ್ಕೊಮ್ಮೆ ಆ ಕೊಠಡಿಯ ಕೆಸರನ್ನು ಹೊರಗೆ ಬಿಡದಿದ್ದರೆ ಗುಂಡು ಒಳಗೇ ಅಂಟಿಕೊಂಡು ಕೂರುತ್ತದೆ. ಕೆಸರು ಬಿಡುವಾಗಲೇ ಪರೀಕ್ಷೆಯೂ ಆಗಬೇಕು: ಬೆಂಕಿ ಉರಿಯುತ್ತಿರಬೇಕು, ಕೊಠಡಿಯ ನೀರು ಹೋದದ್ದೇ ಅದು ಆರಬೇಕು.

ನನ್ನ ಗಂಡ ಬಾಯ್ಲರನ್ನು ಕೂರಿಸಿದ್ದು ತಮ್ಮದೇ ಬುದ್ಧಿವಂತಿಕೆಯಲ್ಲಿ. ಬಿಸಿ ಕೆಸರುನೀರು ಶೆಡ್ಡಿನೊಳಗೆ ಹರಿಯಬಾರದು, ನೇರವಾಗಿ ಚರಂಡಿಗೆ ಹೋಗಬೇಕು ಎಂದು ಪೈಪನ್ನು ಗೋಡೆ ತೂರಿಸಿ, ನಲ್ಲಿಯನ್ನು ಪಕ್ಕದ ಸಂದಿಯಲ್ಲಿ ಇಟ್ಟರು. ನಲ್ಲಿ ಗೋಡೆಯಾಚೆ, ಬೆಂಕಿ ಗೋಡೆಯೀಚೆ. ಸಂದಿಯಿಂದ ಶೆಡ್ಡಿಗೆ ಬರಬೇಕೆಂದರೆ ಬೀದಿಗೆ ಹೋಗಿ, ಮುಂಬಾಗಿಲಿಂದ ಒಳಬಂದು, ನಡುಮನೆ ಅಡಿಗೆಮನೆ ದಾಟಬೇಕು. ಅಷ್ಟರಲ್ಲಿ ಬಾಯ್ಲರಿನ ನೀರೇ ಹರಿದು ಹೋಗಿರುತ್ತದೆ. ಹಾಗಾಗಿ ನಮ್ಮ ಮನೆಯ ಪರೀಕ್ಷೆಗೆ ಇಬ್ಬರು ಬೇಕು. ಶನಿವಾರ ಹನ್ನೊಂದರ ಹೊತ್ತಿಗೆ ಕೆಲಸ ಮುಗಿದ ಮೇಲೆ ಅವರು ಸಂದಿಗೆ ಹೋಗುತ್ತಿದ್ದರು, ನಾನು ಬೆಂಕಿಯ ಮುಂದೆ ಮಣೆ ಹಾಕಿಕೊಂಡು ಕೂರುತ್ತಿದ್ದೆ. ಗೋಡೆಯಲ್ಲಿ ಮೇಲೆ ಒಂದು ಕಿಂಡಿ. ಅದರಿಂದ ಅವರ ದನಿ ಬರುತ್ತಿತ್ತು.

“ಬಿಡ್ಲೇನೇ?”

“ಬಿಡಿ.”

ನೀರು ಭುಸುಗುಡುವ ಸದ್ದು. ಬೆಂಕಿ ಒಮ್ಮೆ ಬಳುಕಿ ಇಲ್ಲವಾಗುತ್ತಿತ್ತು.

“ಆರ್ತು ರೀ.”

“ಸರಿ.”

ನಮ್ಮಿಬ್ಬರ ದಾಂಪತ್ಯದಲ್ಲಿ ಜಗಳವಿಲ್ಲದೆ ಮುಗಿಯುತ್ತಿದ್ದ ಮಾತುಕತೆ ಇದೊಂದೇ ಎಂದು ನಾನು ತಮಾಷೆ ಮಾಡುತ್ತಿದ್ದೆ. ತಮಾಷೆಯಲ್ಲ, ನಿಜವೇ. ಅವರು ಮಾತಿನ ಜನವಲ್ಲ, ನಾನು ಮಾತು ನಿಲ್ಲಿಸುವ ಜನವಲ್ಲ. ಗೋಡೆ ನಡುವೆ ಇದ್ದರೆ ಮಾತ್ರ ಸರಿಹೋಗುತ್ತಿತ್ತು.

ಅವರು ತೀರಿಕೊಂಡದ್ದು ನಿದ್ದೆಯಲ್ಲಿ. ಅದರ ಬಗ್ಗೆ ಬರೆಯುವುದಿಲ್ಲ. ಹದಿಮೂರನೆಯ ದಿನ ಕಳೆದ ಮೇಲೆ ಬಾಣಸವಾಡಿಯಿಂದ ಬಂದಿದ್ದ ನನ್ನ ನಾದಿನಿ ಶೆಡ್ಡಿನ ಬಾಗಿಲಲ್ಲಿ ನಿಂತು ಬಾಯ್ಲರನ್ನು ನೋಡಿದಳು. ಅವಳು ನನ್ನ ಗಂಡನಿಗೆ ಒಬ್ಬಳೇ ತಂಗಿ, ಶಾಲೆಯಲ್ಲಿ ಟೀಚರು, ಮದುವೆಯಾಗಲಿಲ್ಲ. ನಾನು ಈ ಮನೆಗೆ ಬಂದ ದಿನದಿಂದ ನಮ್ಮಿಬ್ಬರದು ಎಣ್ಣೆ ಸೀಗೆಕಾಯಿ. ಅವಳಿಗೆ ನಾನು ಜೋರು, ನನಗೆ ಅವಳು ಬಿಗುಮಾನದವಳು. ಹಬ್ಬಕ್ಕೆ ಬಂದರೆ ಊಟ ಮಾಡಿ, ಎಲೆ ಎತ್ತಿ, ಹೊರಟುಬಿಡುತ್ತಿದ್ದಳು.

“ಅತ್ತಿಗೆ, ಇದನ್ನ ತೆಗ್ಸಿಬಿಡಿ,” ಅಂದಳು. “ಒಬ್ಬರೇ ಹೇಗೆ ನೋಡ್ಕೊಳ್ತೀರಾ? ಶನಿವಾರದ ಟೆಸ್ಟಿಗೆ ಇಬ್ರು ಬೇಕು ಅಂತ ಅಣ್ಣ ಯಾವಾಗ್ಲೂ ಹೇಳ್ತಿದ್ದ.”

“ಇಬ್ರು ಇರ್ತೀವಿ, ನಾನು ಯಾರನ್ನಾದ್ರೂ ಕರ್ಕೊಳ್ತೀನಿ.”

“ಯಾರನ್ನ?”

ಹಿಟ್ಟು ರುಬ್ಬಲು ಬರುವ ಹೆಂಗಸಿಗೆ ಬಾಯ್ಲರ್ ಎಂದರೆ ದೆವ್ವ. ಶೆಡ್ಡಿನ ಹೊಸ್ತಿಲು ದಾಟುವವಳಲ್ಲ. ನೆರೆಮನೆಯವರಿಗೆ ಅವರವರ ಕೆಲಸ. ನನಗೆ ಮಕ್ಕಳಿಲ್ಲ. ಆದರೆ ಬಾಯ್ಲರ್ ಬಿಟ್ಟರೆ ಬೆಳಗಿನ ಜಾವ ಏಳುವುದಕ್ಕೆ ನನಗೆ ಕಾರಣವೇ ಇರುತ್ತಿರಲಿಲ್ಲ. ಇದನ್ನು ನಾದಿನಿಗೆ ಹೇಳುವಷ್ಟು ಸಲಿಗೆ ನಮ್ಮಲ್ಲಿರಲಿಲ್ಲ. “ನೋಡೋಣ ಬಿಡು,” ಅಂದೆ. ಅವಳು ಚೀಲ ಎತ್ತಿಕೊಂಡು ಹೋದಳು.

ನಾನು ಕಂಡುಕೊಂಡ ಉಪಾಯ ಕನ್ನಡಿ. ಬೆಂಕಿಯ ಎದುರಿಗೆ ಗೋಡೆಗೆ ಒಂದು ಕನ್ನಡಿಯನ್ನು ಓರೆಯಾಗಿ ನೇತುಹಾಕಿದೆ. ಸಂದಿಯಲ್ಲಿ ಸ್ಟೂಲು ಹಾಕಿ, ಒಂದು ಕೈಯಲ್ಲಿ ಉದ್ದ ಹಿಡಿಯ ನಲ್ಲಿ ತಿರುಗಿಸುತ್ತಾ, ಕತ್ತು ಚಾಚಿ ಕಿಂಡಿಯಲ್ಲಿ ನೋಡಿದರೆ ಕನ್ನಡಿಯಲ್ಲಿ ಬೆಂಕಿ ಕಾಣಬೇಕು. ಆದರೆ ಹಗಲಿನಲ್ಲಿ ಗ್ಯಾಸಿನ ನೀಲಿ ಬೆಂಕಿ ಕಾಣುವುದೇ ಕಷ್ಟ. ಕೆಲವು ಸಲ ಉಗಿ ಕೂತು ಕನ್ನಡಿ ಮಂಜಾಗುತ್ತಿತ್ತು. ನನಗೆ ಅದರಲ್ಲಿ ಹೆಚ್ಚಾಗಿ ಕಾಣುತ್ತಿದ್ದದ್ದು ಕಿಂಡಿಯಲ್ಲಿ ಇಣುಕುತ್ತಿದ್ದ ನನ್ನ ಮುಖವೇ. ಆರಿತು ಎಂದು ಅನಿಸಿದರೆ ಆರಿತು. ಮೊದಮೊದಲು ಅಭ್ಯಾಸಬಲದಿಂದ “ಆರ್ತು ರೀ” ಎಂದು ಬಾಯಿಂದ ಬಂದುಬಿಡುತ್ತಿತ್ತು. ಉತ್ತರ ಬರಬೇಕಾದ ಜಾಗದಲ್ಲಿ ನಾನೇ ನಿಂತಿದ್ದೆ. ಆಮೇಲೆ ಹೇಳುವುದನ್ನು ಬಿಟ್ಟೆ.

ಆ ವರ್ಷ ನಮಗೆ ಹಬ್ಬವಿರಲಿಲ್ಲ. ಸಾವಾದ ಮನೆಯಲ್ಲಿ ವರ್ಷ ತುಂಬುವ ತನಕ ಹಬ್ಬ ಮಾಡುವಂತಿಲ್ಲ. ಗಲ್ಲಿಯ ಎಲ್ಲ ಅಂಗಡಿ, ಆಟೊ, ಸ್ಕೂಟರು ಆಯುಧಪೂಜೆಗೆ ಹಾರ ಹಾಕಿಕೊಂಡು ನಿಂತಿದ್ದರೆ ನಮ್ಮ ಬಾಯ್ಲರ್ ಒಂದೇ ಬೋಳಾಗಿತ್ತು. ಅದನ್ನು ನೋಡಿ ನನಗೆ ಅಳು ಬಂತು. ಗಂಡನ ಫೋಟೊ ಮುಂದೆ ಬಾರದ ಅಳು ಬಾಯ್ಲರಿನ ಮುಂದೆ ಬಂತು, ನೋಡಿ.

ಅದಕ್ಕೇ ಮರುವರ್ಷ ಜೋರಾಗಿಯೇ ಮಾಡಿದೆ. ಗಂಡ ಸತ್ತವಳು ಪೂಜೆ ಮಾಡಬಹುದೇ ಎಂದು ದೂರದ ನೆಂಟರೊಬ್ಬರು ಫೋನಿನಲ್ಲಿ ಕೇಳಿದರು. ಬಾಯ್ಲರನ್ನು ಕೇಳಿ ಹೇಳುತ್ತೇನೆ ಎಂದು ಫೋನು ಇಟ್ಟೆ. ಶೆಡ್ಡನ್ನು ನೆಲದಿಂದ ಸೂರಿನವರೆಗೆ ತೊಳೆದೆ, ತಟ್ಟೆಗಳನ್ನು ತೊಳೆದೆ, ಪೆಟ್ಟಿಗೆ ತೊಳೆದೆ, ಬಾಯ್ಲರಿಗೆ ಅಭ್ಯಂಜನವನ್ನೇ ಮಾಡಿಸಿದೆ. ಮೈತುಂಬ ವಿಭೂತಿ ಪಟ್ಟೆ ಎಳೆದೆ. ಎದುರಿಗೆ ನೀರಿನ ಮಟ್ಟ ತೋರಿಸುವ ಗಾಜಿನ ಕೊಳವೆ ಇದೆಯಲ್ಲ, ಅದು ಹಣೆಯಂತೆ ಕಂಡಿತು. ಅಲ್ಲಿಗೇ ದಪ್ಪಗೆ ಮೂರು ಪಟ್ಟೆ, ನಡುವೆ ಕುಂಕುಮ. ಶಿವಾಜಿನಗರದಿಂದ ತಂದ ಚೆಂಡುಹೂವಿನ ಹಾರ ದೊಡ್ಡದಾಗಿತ್ತು. ಒಂದು ತುದಿಯನ್ನು ಮೇಲಿನ ಪೈಪಿಗೆ ಕಟ್ಟಿದೆ. ಇನ್ನೊಂದು ತುದಿ ಕಟ್ಟಲು ಏನಾದರೂ ಬೇಕಲ್ಲ. ಪಕ್ಕದಲ್ಲಿ ಕಡ್ಡಿಯೊಂದು ಹೇಳಿ ಮಾಡಿಸಿದಂತೆ ಹೊರಗೆ ಚಾಚಿಕೊಂಡಿತ್ತು. ಅದಕ್ಕೆ ಬಿಗಿಯಾಗಿ ಗಂಟು ಹಾಕಿದೆ. ಕುಂಬಳಕಾಯಿ ಒಡೆದು, ಕೈಮುಗಿದೆ. ಎಷ್ಟೋ ತಿಂಗಳ ಮೇಲೆ ಮನಸ್ಸು ಹಗುರವಾಗಿತ್ತು.

ಪೂಜೆಯ ದಿನವೂ ವಿಜಯದಶಮಿಯ ದಿನವೂ ಬಾಯ್ಲರಿಗೆ ರಜೆ. ಅದರ ಮರುದಿನ ಬೆಳಗಿನ ಜಾವ ಎದ್ದು ಎಂದಿನಂತೆ ನೀರಿನ ಪಂಪು ಹಾಕಿದೆ, ಎಂದಿನಷ್ಟು ಹೊತ್ತು ಬಿಟ್ಟು ನಿಲ್ಲಿಸಿದೆ, ಬೆಂಕಿ ಹಚ್ಚಿದೆ. ಮೇಲಿನ ಟ್ಯಾಂಕಿನ ನೀರನ್ನೆಲ್ಲ ತೊಳೆಯುವುದಕ್ಕೇ ಸುರಿದಿದ್ದೇನೆ, ಪಂಪು ಬರಿಗಾಳಿ ಎಳೆದಿದೆ ಎಂಬುದು ತಲೆಗೆ ಹೊಳೆಯಲೇ ಇಲ್ಲ. ಗಾಜಿನ ಕಡೆ ಕಣ್ಣು ಹೋಯಿತು. ವಿಭೂತಿ ಕಂಡಿತು, ಕೈಮುಗಿದು ಮುಂದೆ ಹೋದೆ. ಮೊದಲ ಸರದಿಯ ಇಡ್ಲಿ ಬೆಂದವು. ಎರಡನೆಯ ಸರದಿ ಬೇಯಲಿಲ್ಲ. ಪೆಟ್ಟಿಗೆಯ ಬಾಗಿಲು ತೆಗೆದರೆ ಉಗಿಯೇ ಇಲ್ಲ, ಹಿಟ್ಟು ಹಾಗೇ ಕೂತಿತ್ತು. ಶೆಡ್ಡಿನಲ್ಲಿ ಕಾದ ಹೆಂಚಿನ ವಾಸನೆ. ಸದಾ ಗೊಣಗುವ ಬಾಯ್ಲರ್ ಸುಮ್ಮನಾಗಿತ್ತು.

ಸೆರಗಿನಿಂದ ಗಾಜು ಒರೆಸಿದೆ. ಒಳಗೆ ಒಂದು ಹನಿ ನೀರಿಲ್ಲ. ಕೆಳಗೆ ಬೆಂಕಿ ಮಾತ್ರ ಚೆನ್ನಾಗಿಯೇ ಉರಿಯುತ್ತಿತ್ತು. ಯಾಕೆ ಆರಿಲ್ಲ ಎಂದು ಪಕ್ಕಕ್ಕೆ ನೋಡಿದರೆ, ಇಳಿಯಬೇಕಾದ ಕಡ್ಡಿಯನ್ನು ನನ್ನ ಚೆಂಡುಹೂವಿನ ಹಾರ ಮೇಲಕ್ಕೆ ಎತ್ತಿ ಹಿಡಿದುಕೊಂಡಿತ್ತು.

ಕೈ ತಾನಾಗಿಯೇ ನೀರಿನ ಕಡೆಗೆ ಹೋಯಿತು. ಒಣಗಿದ್ದಕ್ಕೆ ನೀರು ಹಾಕುವುದು ಹೆಂಗಸಿನ ಕೈಗೆ ಅಂಟಿದ ಅಭ್ಯಾಸ. ಆದರೆ ಗಂಡ ನನಗೆ ಸಿಟ್ಟಿನಿಂದಲ್ಲದೆ, ಕೈ ಹಿಡಿದು ಹೇಳಿಕೊಟ್ಟಿದ್ದ ಮಾತು ಒಂದೇ ಒಂದು: “ಗಾಜು ಖಾಲಿ ಇದ್ದು ಬೆಂಕಿ ಉರೀತಿದ್ರೆ ನೀರು ಮಾತ್ರ ಬಿಡ್ಬೇಡ. ಗ್ಯಾಸ್ ಆಫ್ ಮಾಡು, ಆಚೆ ಬಾ.” ಕಾದ ಕಬ್ಬಿಣಕ್ಕೆ ತಣ್ಣೀರು ಬಿದ್ದರೆ ಇಡೀ ಶೆಡ್ಡು ಉಳಿಯುವುದಿಲ್ಲ ಎಂದಿದ್ದರು. ಗ್ಯಾಸು ನಿಲ್ಲಿಸಿದೆ. ಹಿಟ್ಟಿನ ಹೆಂಗಸನ್ನು ಅವಳ ಮನೆಗೆ ಕಳಿಸಿದೆ. ನಾನು ಬಂದು ಎದುರು ಮನೆಯ ಜಗಲಿಯ ಮೇಲೆ ಕೂತೆ.

ಬಾಯ್ಲರ್ ತಣ್ಣಗಾಗುವುದನ್ನು ಕಾಯುವುದು ಎಂದರೆ ಏನೂ ಮಾಡದೆ ಕೂರುವುದು. ಗಲ್ಲಿಯಲ್ಲಿ ಹಾಲಿನವನು ಹೋದ. ಮಸೀದಿಯ ಕಡೆಯಿಂದ ಜನ ಹಿಂತಿರುಗುತ್ತಿದ್ದರು. ಶಾಲೆಯ ವ್ಯಾನು ಬಂತು, ಹೋಯಿತು. “ಏನಮ್ಮ, ಇವತ್ತು ಇಡ್ಲಿ ಇಲ್ವಾ?” ಎಂದು ಯಾರೋ ಕೇಳಿದರು. “ಇಲ್ಲ,” ಅಂದೆ. ಯಾರಿಗಾದರೂ ಹೇಳಬೇಕು ಎಂದು ಫೋನು ತೆಗೆದೆ. ಹೆಸರುಗಳನ್ನು ಮೇಲಿನಿಂದ ಕೆಳಗೆ ತಳ್ಳಿದೆ. ಹಾಸ್ಟೆಲ್ಲಿನವರು, ಗ್ಯಾಸಿನವರು, ಟ್ಯಾಂಕರಿನವರು. ನಾನು ಸತ್ತಿದ್ದರೆ ಇವರೆಲ್ಲ ಇಡ್ಲಿ ಯಾಕೆ ಬರಲಿಲ್ಲ ಎಂದು ಕೇಳುತ್ತಿದ್ದರು, ಅಷ್ಟೆ. ನನಗೆ ತುಂಬ ಭಯವಾಯಿತು. ಬಾಯ್ಲರಿನ ಭಯವಲ್ಲ ಅದು. ಕೊನೆಗೆ ನಾದಿನಿಯ ಹೆಸರು ಒತ್ತಿದೆ. ಹೇಳಿದರೆ ಬಾಯ್ಲರ್ ಹೋಗುತ್ತದೆ ಎಂದು ಗೊತ್ತಿತ್ತು. ಆದರೂ ಒತ್ತಿದೆ.

ಅವಳು ಆಟೊದಲ್ಲಿ ಬಂದಳು. ಶಾಲೆಗೆ ಹೊರಟಿದ್ದವಳು ಹಾಗೇ ಬಂದಿದ್ದಳು, ಕೊರಳಲ್ಲಿ ಐಡಿ ಕಾರ್ಡು ಇತ್ತು. ಶೆಡ್ಡಿಗೆ ಹೋಗಿ ಹಾರವನ್ನೂ ಕಡ್ಡಿಯನ್ನೂ ನೋಡಿದಳು. ನಾನು ಬೈಗುಳಕ್ಕೆ ಮೈ ಗಟ್ಟಿ ಮಾಡಿಕೊಂಡು ನಿಂತೆ.

“ಅತ್ತಿಗೆ, ತಿಂಡಿ ತಿಂದ್ರಾ?” ಅಂದಳು.

ಇಲ್ಲವೆಂದು ತಲೆಯಾಡಿಸಿದೆ. ಅವಳು ಅಡಿಗೆಮನೆಗೆ ಹೋಗಿ ಉಪ್ಪಿಟ್ಟು ಕೆದಕಿ ತಂದಳು. ಉಪ್ಪು ಜಾಸ್ತಿಯಾಗಿತ್ತು. ನಾನು ತಟ್ಟೆ ಬಳಿದು ತಿಂದೆ.

ಬಾಯ್ಲರ್ ಮಾಡಿಕೊಟ್ಟಿದ್ದ ಶಿವಾಜಿನಗರದ ಮೇಸ್ತ್ರಿ ಮಧ್ಯಾಹ್ನ ಬಂದರು. ಕಡ್ಡಿಗೆ ಕಟ್ಟಿದ್ದ ಹಾರವನ್ನು ಬಿಚ್ಚಿ, ಕೈಯಲ್ಲಿ ಹಿಡಿದು ನನ್ನನ್ನು ನೋಡಿದರು. “ಅಮ್ಮಾ, ಪೂಜೆ ಮಾಡಿ, ಬೇಡ ಅನ್ನಲ್ಲ. ಇದೊಂದಕ್ಕೆ ಏನೂ ಕಟ್ಬೇಡಿ, ಅಲ್ಲಾ ಕಸಮ್.” ತಣ್ಣಗಾದ ಮೇಲೆ ನೀರು ತುಂಬಿ ಒತ್ತಡ ಕೊಟ್ಟು ನೋಡಿದರು. ಬಿರುಕು ಬಿಟ್ಟಿರಲಿಲ್ಲ. ಅವರು ಹೋದ ಮೇಲೆ ನಾದಿನಿ ಚೀಲ ಎತ್ತಿಕೊಂಡಳು. ಈಗ ಹೇಳುತ್ತಾಳೆ, ತೆಗೆಸಿ ಎನ್ನುತ್ತಾಳೆ ಎಂದು ಕಾದೆ.

“ಶನಿವಾರ ನಮ್ಗೆ ಅರ್ಧ ದಿನ,” ಅಂದಳು. “ಬರ್ತೀನಿ.”

ಬಂದಳು. ಪರೀಕ್ಷೆಯನ್ನು ಅವಳಿಗಾಗಿ ಮಧ್ಯಾಹ್ನಕ್ಕೆ ಹಾಕಿಕೊಂಡೆ. ಅವಳು ಬೆಂಕಿಯ ಮುಂದೆ ಮಣೆಯ ಮೇಲೆ, ನಾನು ಸಂದಿಯಲ್ಲಿ. ಮೊದಲ ಶನಿವಾರ ಕೆಲಸದ ಮಾತು ಬಿಟ್ಟು ಬೇರೇನೂ ಆಡಲಿಲ್ಲ. ಎರಡನೆಯ ಸಲ ಕೆಸರು ಹೋಗಿ ತಿಳಿನೀರು ಬರುವುದನ್ನು ಕಾಯುವಾಗ ಅವಳು ಕಿಂಡಿಯ ಆಚೆಯಿಂದ, “ಅಣ್ಣ ಚಿಕ್ಕವನಿದ್ದಾಗ ಕತ್ತಲೆಗೆ ಹೆದರ್ತಿದ್ದ, ಗೊತ್ತಾ?” ಅಂದಳು. ನನಗೆ ಗೊತ್ತಿರಲಿಲ್ಲ. ಮುಖ ನೋಡಿಕೊಂಡು ಕೂತರೆ ನಾವಿಬ್ಬರೂ ಬಾಯಿ ಬಿಡುವವರಲ್ಲ. ಗೋಡೆಯಾಚೆ ಈಚೆ ಇದ್ದದ್ದರಿಂದ ಮಾತು ಬಂತು. ಅವಳನ್ನು ನೋಡಲು ಬಂದಿದ್ದ ಗಂಡಿನ ಮನೆಯವರ ವಿಷಯ ಹೇಳಿದಳು, ನಗುತ್ತಲೇ. ನಾನು ಮಕ್ಕಳಾಗದಿದ್ದ ಕಾಲದ ಆಸ್ಪತ್ರೆಗಳ ವಿಷಯ ಹೇಳಿದೆ, ನಗದೆ. ನೀರು ತಿಳಿಯಾಗಿ ನಲ್ಲಿ ನಿಲ್ಲಿಸಿದ ಮೇಲೂ ನಾನು ನಲ್ಲಿಯ ಹತ್ತಿರ ನಿಂತೇ ಇರುತ್ತಿದ್ದೆ. ಅವಳು ಆರಿದ ಬೆಂಕಿಯ ಮುಂದೆ ಕೂತೇ ಇರುತ್ತಿದ್ದಳು. ಆಮೇಲೆ ಊಟ. ಅವಳಿಗೆ ಇಷ್ಟವೆಂದು ನಾನು ಶನಿವಾರ ಹುಳಿಗೆ ಬದನೆಕಾಯಿ ಹಾಕಲು ಶುರು ಮಾಡಿದೆ.

ವಾರದ ಉಳಿದ ದಿನಗಳು ಶನಿವಾರದ ಕಡೆಗೆ ನಡೆಯತೊಡಗಿದವು. ಇದನ್ನು ಅವಳಿಗೆ ಹೇಳಿದೆನೇ? ಇಲ್ಲ. ಹೇಳಿದ್ದು ಬೇರೆಯೇ. ನಮ್ಮ ಚಿತ್ರದುರ್ಗದ ಕಡೆ ಮನೆಗೆ ಬಂದವರಿಗೆ ಉಪಚಾರದ ಮಾತು ಆಡದಿದ್ದರೆ ಊಟ ಬಡಿಸಿದ್ದೂ ದಂಡ. ಹೊರಡುವಾಗ ಬಾಗಿಲ ತನಕ ಹೋಗಿ, ಪ್ರತಿ ಸಲವೂ ತಪ್ಪದೆ ಅನ್ನುತ್ತಿದ್ದೆ: “ಪಾಪ, ನನ್ನಿಂದ ನಿನಗೆಷ್ಟು ತೊಂದ್ರೆ. ಆ ಟ್ರಾಫಿಕ್‌ನಲ್ಲಿ ಬಾಣಸವಾಡಿಯಿಂದ ಇಲ್ಲಿಗೆ ಬಂದು ಹೋಗೋದು ಅಂದ್ರೆ ಸುಮ್ನೇನಾ?”

ಇದಕ್ಕೆ “ಅಯ್ಯೋ, ತೊಂದರೆ ಏನು ಬಂತು” ಎನ್ನಬೇಕು. ಅದು ಪದ್ಧತಿ. ಅವಳು ಅನ್ನುತ್ತಿರಲಿಲ್ಲ, ಚಪ್ಪಲಿ ಹಾಕಿಕೊಂಡು ಸುಮ್ಮನೆ ನನ್ನ ಮುಖ ನೋಡುತ್ತಿದ್ದಳು. ಬಿಗುಮಾನ ಇನ್ನೂ ಪೂರ್ತಿ ಹೋಗಿಲ್ಲ ಎಂದುಕೊಳ್ಳುತ್ತಿದ್ದೆ.

ಯುಗಾದಿ ಕಳೆದ ಒಂದು ಶನಿವಾರ ಅವಳು ಮೇಸ್ತ್ರಿಯನ್ನು ಜೊತೆಯಲ್ಲೇ ಕರೆದುಕೊಂಡು ಬಂದಳು. ಅವರು ಬೆಂಕಿಯ ಪಕ್ಕದಲ್ಲಿ ಅಂಗಿಯ ಗುಂಡಿಯಷ್ಟು ಚಿಕ್ಕ ಗಾಜಿನ ಕಣ್ಣೊಂದನ್ನು ಕೂರಿಸಿದರು. ಅದು ಬೆಂಕಿಯನ್ನು ನೋಡುತ್ತಲೇ ಇರುತ್ತದಂತೆ. ಅದರಿಂದ ವೈರು ಎಳೆದು, ಗೋಡೆ ತೂರಿಸಿ, ಸಂದಿಯಲ್ಲಿ ನಲ್ಲಿಯ ಮೇಲೆ ಒಂದು ಕೆಂಪು ದೀಪ ಹಾಕಿದರು. ಬೆಂಕಿ ಆರಿದರೆ ದೀಪ ಹತ್ತುತ್ತದೆ. ನಾನು ನಲ್ಲಿ ಬಿಟ್ಟೆ, ದೀಪ ಹತ್ತಿತು.

“ಇನ್ಮೇಲೆ ಯಾರೂ ಬೇಕಾಗಿಲ್ಲಮ್ಮ,” ಎಂದು ಮೇಸ್ತ್ರಿ ಖುಷಿಯಾಗಿ ಹೇಳಿದರು. “ನೀವೊಬ್ರೇ ಆರಾಮಾಗಿ ಮಾಡ್ಕೋಬೋದು.”

ನಾದಿನಿಯೂ ಸಂದಿಗೆ ಬಂದು ನಿಂತು ದೀಪ ನೋಡಿದಳು. “ಹೊರಡುವಾಗೆಲ್ಲ ತೊಂದ್ರೆ ತೊಂದ್ರೆ ಅಂತಿದ್ರಲ್ಲ. ಪ್ರತಿ ವಾರ ನನಗೋಸ್ಕರ ಅಡಿಗೆ ಮಾಡ್ಕೊಂಡು, ಮುಜುಗರ ಪಟ್ಕೊಂಡು… ನಿಮಗೂ ಸಾಕಾಗಿತ್ತು ಅಲ್ವಾ ಅತ್ತಿಗೆ? ಈಗ ನಿಮ್ ಪಾಡಿಗೆ ನೀವಿರ್ಬೋದು.”

ಇಲ್ಲ, ನೀನು ಬಾ ಎಂದು ಹೇಳಬೇಕಿತ್ತು. ಎರಡು ಮಾತು. ನಮ್ಮ ನಡುವೆ ಆಗ ಗೋಡೆಯಿರಲಿಲ್ಲ, ಅವಳು ಎದುರಿಗೇ ಇದ್ದಳು, ನನ್ನ ನಾಲಗೆ ಏಳಲಿಲ್ಲ. “ಒಳ್ಳೇದಾಯ್ತು ಬಿಡು,” ಅಂದೆ. ಕೋಲು ಕೊಟ್ಟು ಹೊಡೆಸಿಕೊಂಡ ಹಾಗಾಯಿತು.

ಮುಂದಿನ ಶನಿವಾರ ಫೋನು ಮಾಡಿ ದೀಪ ಹತ್ತಿತಾ ಎಂದು ಕೇಳಿದಳು. ಹತ್ತಿತು ಎಂದೆ. ಅದರ ಮುಂದಿನ ವಾರವೂ ಕೇಳಿದಳು. ಆಮೇಲೆ ಕೇಳುವುದಕ್ಕೆ ಏನಿದೆ? ಈಗ ಹಬ್ಬಕ್ಕೆ ಬರುತ್ತಾಳೆ, ಊಟ ಮಾಡುತ್ತಾಳೆ, ಬದನೆಕಾಯಿ ಹುಳಿ ಚೆನ್ನಾಗಿದೆ ಎನ್ನುತ್ತಾಳೆ, ಹೊರಡುತ್ತಾಳೆ.

ಬಾಯ್ಲರ್ ಉಳಿಯಿತು. ನನ್ನ ಕೈಯಲ್ಲೇ ಉಳಿಯಿತು, ಯಾರ ಹಂಗೂ ಇಲ್ಲದೆ. ಪ್ರತಿ ಶನಿವಾರ ಸಂದಿಗೆ ಹೋಗಿ ನಲ್ಲಿ ತಿರುಗಿಸುತ್ತೇನೆ. ಕೆಸರು ಹರಿಯುತ್ತದೆ. ಆ ದೀಪ ಹತ್ತದೇ ಹೋದರೆ ಅದರ ಅರ್ಥವೇನು ಎಂದು ಈ ಗಲ್ಲಿಯಲ್ಲಿ ನನಗಿಂತ ಚೆನ್ನಾಗಿ ತಿಳಿದವರಿಲ್ಲ. ತಿಳಿದೂ ತಿಳಿದೂ, ನಲ್ಲಿಯ ಮೇಲೆ ಕೈಯಿಟ್ಟುಕೊಂಡು, ಇವತ್ತೊಂದು ದಿನ ಹತ್ತದೆ ಇರಲಿ, ಫೋನು ಮಾಡಿ ಬಾ ಎನ್ನುವುದಕ್ಕೆ ಒಂದು ನೆಪ ಸಿಗಲಿ ಎಂದು ನೋಡುತ್ತಾ ನಿಲ್ಲುತ್ತೇನೆ. ದೀಪ ಹತ್ತುತ್ತದೆ.